ಕುದುರೆಮುಖದ ದಾರಿಗೆ ಐದು ಬೈಕಿನ ಗುಂಪು ಸಾಕು

ಮಳೆಗಾಲದ ಶನಿವಾರ, ಭಾನುವಾರ ಬಂತೆಂದರೆ ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ಮೂಲಕ ಕಳಸಕ್ಕೆ ಹೋಗುವ ಘಾಟಿ ರಸ್ತೆಯಲ್ಲಿ ಬೈಕುಗಳ ಸಾಲು ಕಾಣುತ್ತದೆ. ಇಪ್ಪತ್ತು, ಮೂವತ್ತು ಮಂದಿ ಒಟ್ಟಾಗಿ ಹೊರಡುವ ಖುಷಿಯನ್ನು ಅಲ್ಲಗಳೆಯಲಾಗದು. ಕಣಿವೆಗಳಲ್ಲಿ ಶೋಲಾ ಕಾಡು, ಅದರ ಮೇಲೆ ಹುಲ್ಲು ಹೊದ್ದ ಬೆಟ್ಟ, ಅಲ್ಲಲ್ಲಿ ಝರಿ. ಇಂಥ ದಾರಿಯನ್ನು ಗೆಳೆಯರ ಜೊತೆ ನೋಡಬೇಕೆನ್ನಿಸುವುದು ಸಹಜವೇ. ಆದರೆ ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿಲೋಮೀಟರ್ ಹರಡಿದ ಕಾಡಿನೊಳಗಿನ ದಾರಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಬೆಟ್ಟಗಳಲ್ಲಿ. ಬೈಕಿನಲ್ಲಿ ಬರುವವರನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿ ದೊಡ್ಡ ಗುಂಪಾಗಿ ಸಾಗುವುದು ಕಾಡಿಗೂ ಕೇಡು, ಸವಾರರಿಗೂ ಕೇಡು ಎಂಬುದಷ್ಟೇ ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಮುಂದಿನ ಬೈಕಿನಿಂದ ಎರಡು ಸೆಕೆಂಡಿನ ಅಂತರ ಕಾಯ್ದುಕೊಳ್ಳಬೇಕಾದರೆ ನಡುವೆ ಸುಮಾರು 22 ಮೀಟರ್ ಜಾಗ ಬೇಕು. ಆಗ 25 ಬೈಕುಗಳ ಸಾಲು ಅರ್ಧ ಕಿಲೋಮೀಟರ್ ದಾಟುತ್ತದೆ. ಎದುರಿನ ವಾಹನ ಕಾಣದ ತಿರುವುಗಳಲ್ಲಿ ಅಷ್ಟುದ್ದದ ಸಾಲನ್ನು ಹಿಂದೆ ಹಾಕಲು ಬಸ್ಸಿಗೂ ಆಗದು, ಆಂಬುಲೆನ್ಸಿಗೂ ಆಗದು. ಸಾಲು ತುಂಡಾದರಂತೂ ಹಿಂದುಳಿದವರು ಮುಂದಿನವರನ್ನು ಹಿಡಿಯುವ ಆತುರದಲ್ಲಿ, ತಮ್ಮ ಅಳವಿಗೆ ಮೀರಿದ ವೇಗದಲ್ಲಿ ಒದ್ದೆ ತಿರುವಿಗೆ ನುಗ್ಗುತ್ತಾರೆ. ಮುಂದೆ ಹೋದವರು ಅವರಿಗಾಗಿ ರಸ್ತೆ ಬದಿಯಲ್ಲಿ ಕಾಯುತ್ತಾರೆ. ಮಾಳ, ತನಿಕೋಡು, ಬಸರಿಕಲ್ ಚೆಕ್‌ಪೋಸ್ಟುಗಳಲ್ಲಿ ಅರಣ್ಯ ಇಲಾಖೆಯವರು ಹೊಕ್ಕ ಸಮಯ ಬರೆದು ಚೀಟಿ ಕೊಡುವುದೇ ವಾಹನಗಳು ಕಾಡಿನ ನಡುವೆ ನಿಲ್ಲದಿರಲಿ ಎಂದು. ನಿಯಮ ಮುರಿಯುವ ಮನಸ್ಸಿಲ್ಲದವರೂ ಗುಂಪು ದೊಡ್ಡದಾದ ಕಾರಣಕ್ಕೇ ಅದನ್ನು ಮುರಿಯುವಂತಾಗುತ್ತದೆ.

ಸದ್ದಿನ ವಿಷಯ ಇದಕ್ಕಿಂತ ಗಂಭೀರ. 175 ಸಿಸಿ ಮೀರಿದ ಬೈಕಿಗೆ ಕಾನೂನು ಹಾಕಿರುವ ಮಿತಿ 80 ಡೆಸಿಬೆಲ್. ಅಂಥ ಹತ್ತು ಬೈಕು ಒಂದೇ ಕಡೆ ಒಟ್ಟಿಗೆ ಸದ್ದು ಮಾಡಿದರೆ ಮತ್ತೆ 10 ಡೆಸಿಬೆಲ್ ಸೇರಿ, ಕಿವಿಗೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿ ಕೇಳಿಸುತ್ತದೆ. ಸೈಲೆನ್ಸರ್ ಬದಲಾಯಿಸಿದ ಬೈಕಿನ ಮಾತು ಬಿಡಿ. ಸವಾರರನ್ನು ಸೆಳೆಯುವ ಈ ಮಳೆಗಾಲವೇ ಕಪ್ಪೆಗಳು ಕೂಗಿ ಸಂಗಾತಿಯನ್ನು ಕರೆಯುವ ಕಾಲವೂ ಹೌದು. ಮರದಿಂದ ಮರಕ್ಕೆ ಸಾಗಿ ಬದುಕುವ ಸಿಂಗಳೀಕಗಳು, ರಸ್ತೆಯ ಮೇಲೆ ಕೊಂಬೆಗಳು ಕೂಡದ ಕಡೆ ನೆಲಕ್ಕಿಳಿದೇ ದಾಟಬೇಕು. ಅವಕ್ಕೆ ಬೇಕಾಗಿರುವುದು ವಾಹನಗಳ ನಡುವೆ ಒಂದಿಷ್ಟು ಬಿಡುವು.

ಗುಂಪನ್ನು ಒಡೆದರೂ ಬೈಕುಗಳ ಸಂಖ್ಯೆ ಅಷ್ಟೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಐದೈದರ ತಂಡಗಳು ಹತ್ತು ನಿಮಿಷಕ್ಕೊಂದರಂತೆ ಹೊರಟರೆ ಆ ಬಿಡುವು ಸಿಗುತ್ತದೆ. ಬಸ್ಸು ಲಾರಿಗಳೂ ಓಡುತ್ತವಲ್ಲ ಎಂಬ ಮಾತಿದೆ. ಕಳಸದ ಜನ ಆಸ್ಪತ್ರೆಗೂ ಕಾಲೇಜಿಗೂ ಕರಾವಳಿಗೆ ಇಳಿಯುವ ದಾರಿಯಿದು. ಅವರ ಅಗತ್ಯವನ್ನೂ ನಮ್ಮ ವಿಹಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗಣಿ ಬಗೆದ ಬೆಟ್ಟಕ್ಕೆ ಬೈಕಿನಿಂದೇನು ಹಾನಿ ಎನ್ನುವವರೂ ಇದ್ದಾರೆ. ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟ್ ಆದೇಶದಿಂದ ಆ ಗಣಿ ನಿಂತದ್ದು 2005ರ ಕೊನೆಗೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದಕ್ಕೆ ಹೆಚ್ಚಿನ ಕಾಳಜಿ ಬೇಕು, ಕಡಿಮೆಯದಲ್ಲ. ಇನ್ನು, ಮೊಬೈಲ್ ಸಿಗ್ನಲ್ ಸಿಗದ ಕಡೆ ಬೈಕು ಕೆಟ್ಟರೆ ಜೊತೆಗೆ ಜನ ಬೇಕೆನ್ನುವ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ನಾಲ್ವರು ಜೊತೆಗಾರರು ಧಾರಾಳ ಸಾಕು. ಹೋಮ್‌ಸ್ಟೇಗಳ ಆದಾಯವೂ ಕುಂದದು, ರಾತ್ರಿ ಎಲ್ಲರೂ ತಂಗುವುದು ಅಲ್ಲೇ.

ಹಾಗಾಗಿ ಬೈಕ್ ಕ್ಲಬ್ಬುಗಳವರಲ್ಲಿ ಒಂದು ವಿನಂತಿ: ಬಜಗೋಳಿಯಲ್ಲಿ ಸೇರಿ, ಚಹಾ ಕುಡಿದು, ಐದೈದು ಮಂದಿಯಾಗಿ ಹೊರಡಿ. ಕಂಪನಿ ಕೊಟ್ಟ ಸೈಲೆನ್ಸರನ್ನೇ ಇಟ್ಟುಕೊಳ್ಳಿ. ಗುಂಪು ಫೋಟೊವನ್ನು ಕಳಸದಲ್ಲಿ ತೆಗೆಸಿಕೊಳ್ಳಿ.