ತೆರೆಯ ಮೇಲೆ ಹರಿದ ಚಿತ್ರ

ಲಿನಕ್ಸ್ ವ್ಯವಸ್ಥೆಯುಳ್ಳ ಕಂಪ್ಯೂಟರಿನಲ್ಲಿ ಚಲನಚಿತ್ರವನ್ನು ನೋಡಿದವರಲ್ಲಿ ಕೆಲವರಾದರೂ ಒಂದು ವಿಚಿತ್ರವನ್ನು ಗಮನಿಸಿರಬಹುದು. ಓಡುತ್ತಿರುವ ರೈಲಿನ ಚಿತ್ರ ಬರುತ್ತದೆ. ಒಂದು ಕ್ಷಣ ಅದರ ಕೆಳಭಾಗ ತುಸು ಮುಂದೆಯೂ ಮೇಲ್ಭಾಗ ತುಸು ಹಿಂದೆಯೂ ಕಾಣುತ್ತದೆ. ಯಾರೋ ಚಿತ್ರವನ್ನು ಅಡ್ಡಲಾಗಿ ಕತ್ತರಿಸಿ, ಸರಿಯಾಗಿ ಜೋಡಿಸದೆ ಬಿಟ್ಟಂತಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸರಿಹೋಗುತ್ತದೆ. ಮರುಕ್ಷಣ ಮತ್ತೆ ಹರಿಯುತ್ತದೆ. ಯಂತ್ರ ಹಳೆಯದಾಯಿತು, ಅದರ ವೇಗ ಸಾಲದು ಎಂದು ನಾವು ಸಾಮಾನ್ಯವಾಗಿ ತೀರ್ಮಾನಿಸುತ್ತೇವೆ. ಹೊಸ ಯಂತ್ರಕ್ಕೆ ಹಣ ಹೊಂದಿಸುವ ಯೋಚನೆಯನ್ನೂ ಮಾಡುತ್ತೇವೆ. ಈ ತೀರ್ಮಾನ ಬಹುಮಟ್ಟಿಗೆ ತಪ್ಪು. ಚಿತ್ರ ಹರಿಯುವುದು ವೇಗದ ಕೊರತೆಯಿಂದಲ್ಲ, ಹೊಂದಿಕೆಯ ಕೊರತೆಯಿಂದ. ಇದು ಹೇಗೆಂಬುದನ್ನು ಪರಿಶೀಲಿಸೋಣ.

ತೆರೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದಾದುದು. ಸಾಮಾನ್ಯವಾದ ಒಂದು ತೆರೆಯಲ್ಲಿ ಸಾಲಿಗೆ ೧೯೨೦ರಂತೆ ೧೦೮೦ ಸಾಲುಗಳು, ಅಂದರೆ ಒಟ್ಟು ೨೦,೭೩,೬೦೦ ಬಿಂದುಗಳು ಇರುತ್ತವೆ. ಒಂದೊಂದು ಬಿಂದುವಿನ ಬಣ್ಣವನ್ನು ಗುರುತಿಸಲು ನಾಲ್ಕು ಬೈಟುಗಳೆಂದು ಲೆಕ್ಕ ಹಾಕಿದರೆ, ಒಂದು ಚಿತ್ರಕ್ಕೆ ಸುಮಾರು ೮೩ ಲಕ್ಷ ಬೈಟುಗಳು ಬೇಕು. ಇವೆಲ್ಲವೂ ಕಂಪ್ಯೂಟರಿನ ಸ್ಮೃತಿಯ ಒಂದು ಭಾಗದಲ್ಲಿರುತ್ತವೆ. ಅದನ್ನು ಚಿತ್ರಸ್ಮೃತಿಯೆಂದು ಕರೆಯೋಣ. ತೆರೆಯು ಸೆಕೆಂಡಿಗೆ ೬೦ ಬಾರಿ ಈ ಚಿತ್ರಸ್ಮೃತಿಯನ್ನು ಓದಿಕೊಳ್ಳುತ್ತದೆ. ಎಂದರೆ ಸೆಕೆಂಡೊಂದಕ್ಕೆ ಸುಮಾರು ೫೦ ಕೋಟಿ ಬೈಟುಗಳ ಓದು! ಆದರೆ ಈ ಓದು ಒಮ್ಮೆಗೇ ಮುಗಿಯುವುದಿಲ್ಲ. ಅದು ಮೇಲಿನ ಸಾಲಿನಿಂದ ಆರಂಭವಾಗಿ, ಒಂದೊಂದೇ ಸಾಲಾಗಿ ಕೆಳಕ್ಕೆ ಇಳಿಯುತ್ತದೆ. ಇಡೀ ಚಿತ್ರಕ್ಕೆ ಸುಮಾರು ೧೬.೭ ಮಿಲಿಸೆಕೆಂಡು, ಒಂದು ಸಾಲಿಗೆ ಸುಮಾರು ೧೫ ಮೈಕ್ರೋಸೆಕೆಂಡು ಹಿಡಿಯುತ್ತದೆ.

ಈಗ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿರಿ. ಅಧ್ಯಾಪಕರು ಕಪ್ಪು ಹಲಗೆಯ ತುಂಬ ಪಾಠವನ್ನು ಬರೆದಿದ್ದಾರೆ. ವಿದ್ಯಾರ್ಥಿಯು ಅದನ್ನು ಮೇಲಿನಿಂದ ಕೆಳಕ್ಕೆ ನಕಲು ಮಾಡಿಕೊಳ್ಳುತ್ತಿದ್ದಾನೆ. ಅವನು ಅರ್ಧಕ್ಕೆ ಬಂದಿರುವಾಗಲೇ ಅಧ್ಯಾಪಕರು ಹಲಗೆಯನ್ನು ಒರಸಿ ಮುಂದಿನ ಪಾಠವನ್ನು ಬರೆದುಬಿಟ್ಟರೆ ಏನಾಗುವುದು? ಅವನ ಪುಸ್ತಕದಲ್ಲಿ ಮೇಲರ್ಧ ಹಳೆಯ ಪಾಠ, ಕೆಳಗಿನರ್ಧ ಹೊಸ ಪಾಠ! ನಾವು ಕಂಡ ಹರಿದ ರೈಲು ಇಂಥ ನಕಲೇ. ಅಧ್ಯಾಪಕರು ಇನ್ನೂ ವೇಗವಾಗಿ ಬರೆದರೆ ದೋಷ ನೀಗುವುದೆ? ಇಲ್ಲ. ವಿದ್ಯಾರ್ಥಿ ಒಂದು ಪುಟ ಮುಗಿಸುವಷ್ಟರಲ್ಲಿ ಅವರು ಮೂರು ಪಾಠಗಳನ್ನು ಬರೆದು ಒರಸಿದರೆ, ಪುಟದಲ್ಲಿ ಮೂರು ಪಾಠಗಳ ತುಣುಕುಗಳು ಬೆರೆಯುತ್ತವೆ. ಹೊಸದಾಗಿ ಕೊಂಡ ವೇಗದ ಯಂತ್ರದಲ್ಲಿಯೂ ಚಿತ್ರ ಹರಿಯುವುದು ಇದೇ ಕಾರಣದಿಂದ.

ಇದಕ್ಕೆ ಪರಿಹಾರವನ್ನು ಕೆಲವು ಕಾಲೇಜುಗಳ ಉಪನ್ಯಾಸ ಮಂದಿರದಲ್ಲೇ ನೋಡಬಹುದು. ಅಲ್ಲಿ ಮೇಲೆ ಕೆಳಗೆ ಸರಿಯುವ ಎರಡು ಹಲಗೆಗಳಿರುತ್ತವೆ. ವಿದ್ಯಾರ್ಥಿಗಳು ಒಂದನ್ನು ನಕಲು ಮಾಡುತ್ತಿರುವಾಗ ಅಧ್ಯಾಪಕರು ಇನ್ನೊಂದರ ಮೇಲೆ ಬರೆಯುತ್ತಾರೆ. ಎಲ್ಲರೂ ಪುಟ ಮುಗಿಸಿದ ಮೇಲೆ ಹಲಗೆಗಳನ್ನು ಬದಲಿಸುತ್ತಾರೆ. ಕಂಪ್ಯೂಟರಿನಲ್ಲಿಯೂ ಎರಡು ಚಿತ್ರಸ್ಮೃತಿಗಳನ್ನಿಟ್ಟು, ತೆರೆಯ ಓದು ಕೆಳತುದಿಯನ್ನು ಮುಟ್ಟಿ ಮತ್ತೆ ಮೇಲಕ್ಕೆ ಹೋಗುವ ಅಲ್ಪಾವಕಾಶದಲ್ಲಿ ಅವನ್ನು ಬದಲಿಸಿದರೆ ಸಾಕು.

ಉಪಾಯ ಇಷ್ಟು ಸುಲಭವಾಗಿರುವಾಗ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಈ ತೊಂದರೆ ಇಷ್ಟು ಕಾಲ ಉಳಿದುದೇಕೆ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಲಿನಕ್ಸ್ ಹುಟ್ಟಿದುದು ೧೯೯೧ರಲ್ಲಿ. ಅದು ತೆರೆಯ ಮೇಲೆ ಕಿಟಕಿಗಳನ್ನು ತೋರಿಸಲು ಬಳಸಿಕೊಂಡ ‘ಎಕ್ಸ್’ ಎಂಬ ವ್ಯವಸ್ಥೆಯಾದರೋ ಅದಕ್ಕಿಂತ ಹಳೆಯದು. ಅದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೮೪ರಲ್ಲಿ ಆರಂಭವಾಯಿತು. ಅದರ ಹನ್ನೊಂದನೆಯ ಆವೃತ್ತಿ ೧೯೮೭ರಲ್ಲಿ ಹೊರಬಂದಿತು. ಲೆಕ್ಕ ಮಾಡುವ ಯಂತ್ರ ಒಂದು ಕಡೆ, ಫಲವನ್ನು ತೋರಿಸುವ ತೆರೆ ಇನ್ನೊಂದು ಕಡೆ. ನಡುವೆ ಒಂದು ತಂತಿ. ಆ ತಂತಿಯ ಮೂಲಕ ಇಡೀ ಚಿತ್ರವನ್ನು ಕಳುಹಿಸುವುದು ಆಗ ಬಲು ಭಾರವಾದ ಕೆಲಸ. ಆದುದರಿಂದ ‘ಇಲ್ಲೊಂದು ಗೆರೆ ಎಳೆ, ಅಲ್ಲೊಂದು ಚೌಕ ತುಂಬು’ ಎಂಬ ಚಿಕ್ಕ ಚಿಕ್ಕ ಆಜ್ಞೆಗಳನ್ನು ಕಳುಹಿಸುವ ಏರ್ಪಾಡಾಯಿತು. ಆ ಕಾಲಕ್ಕೆ ಇದು ಜಾಣತನದ ಏರ್ಪಾಡೇ ಸರಿ.

ಇದರಲ್ಲಿ ಒಂದು ಕೊರತೆ ಅಡಗಿತ್ತು. ಗೆರೆ ಎಳೆಯಲು ಆಜ್ಞೆ ಇತ್ತು, ಒರಸಲು ಆಜ್ಞೆ ಇತ್ತು. ಆದರೆ ‘ನನ್ನ ಚಿತ್ರ ಪೂರ್ತಿಯಾಯಿತು, ಇನ್ನು ತೋರಿಸಬಹುದು’ ಎಂದು ಹೇಳುವ ಪದವು ಮೂಲ ನಿಯಮಾವಳಿಯಲ್ಲಿ ಇರಲಿಲ್ಲ. ಎಲ್ಲ ಕಾರ್ಯಕ್ರಮಗಳ ಆಜ್ಞೆಗಳೂ ಒಂದೇ ಹಲಗೆಯ ಮೇಲೆ ಬಂದಂತೆ ಬಂದಂತೆ ಕಾರ್ಯಗತವಾಗುತ್ತಿದ್ದವು. ಚಿತ್ರವು ಯಾವಾಗ ಪೂರ್ಣವೆಂಬುದು ಹಲಗೆಯನ್ನು ಕಾಯುವವನಿಗೇ ತಿಳಿಯದು. ಹೀಗಿರಲು ಹಲಗೆಯನ್ನು ಬದಲಿಸುವ ಮುಹೂರ್ತವನ್ನು ಅವನು ಗೊತ್ತುಮಾಡುವುದು ಹೇಗೆ? ಮುಂದೆ ಹಲವು ಅನುಬಂಧಗಳನ್ನು ಸೇರಿಸಿ ಈ ಕೊರತೆಯನ್ನು ತೇಪೆ ಹಾಕಿ ಮುಚ್ಚಲಾಯಿತಾದರೂ ಮೂಲ ಉಳಿದೇ ಇತ್ತು.

೨೦೦೮ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಂಬವರು ‘ವೇಲ್ಯಾಂಡ್’ ಎಂಬ ಹೊಸ ನಿಯಮಾವಳಿಯನ್ನು ಆರಂಭಿಸಿದರು. ಇದರಲ್ಲಿ ಪ್ರತಿಯೊಂದು ಕಾರ್ಯಕ್ರಮವೂ ತನ್ನ ಕಿಟಕಿಯ ಚಿತ್ರವನ್ನು ತನ್ನದೇ ಹಾಳೆಯಲ್ಲಿ ಬರೆದು ಮುಗಿಸಿ, ‘ಮುಗಿಯಿತು’ ಎಂಬ ಸೂಚನೆಯೊಡನೆ ಒಪ್ಪಿಸುತ್ತದೆ. ಸಂಯೋಜಕವೆಂಬ ತಂತ್ರಾಂಶವು ಮುಗಿದ ಹಾಳೆಗಳನ್ನು ಮಾತ್ರ ಸೇರಿಸಿ, ತೆರೆಯ ಕಾಲಕ್ಕೆ ಸರಿಯಾಗಿ ತೋರಿಸುತ್ತದೆ. ಅರ್ಧ ಬರೆದ ಹಾಳೆ ತೆರೆಯನ್ನು ತಲಪುವುದೇ ಇಲ್ಲ. ೨೦೧೨ರಲ್ಲಿ ಇದರ ೧.೦ ಆವೃತ್ತಿ ಬಂದಿತು; ೨೦೧೬ರಲ್ಲಿ ಫೆಡೋರಾ ತನ್ನ ಮುಖ್ಯ ಡೆಸ್ಕ್‌ಟಾಪಿನಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಇರಿಸಿತು.

ಆದರೆ ಭೌತಶಾಸ್ತ್ರದಲ್ಲಿ ಯಾವುದೂ ಬೆಲೆಯಿಲ್ಲದೆ ದೊರೆಯುವುದಿಲ್ಲ. ಎರಡು ಹಲಗೆಗಳ ಪದ್ಧತಿಯಲ್ಲಿ ಒಂದು ಕಠಿಣವಾದ ಗಡುವು ಇದೆ. ಚಿತ್ರ ಬರೆಯಲು ೧೬ ಮಿಲಿಸೆಕೆಂಡು ಹಿಡಿದರೆ ಸೆಕೆಂಡಿಗೆ ೬೦ ಚಿತ್ರಗಳು ಬರುತ್ತವೆ. ೧೭ ಮಿಲಿಸೆಕೆಂಡು ಹಿಡಿದರೆ? ೫೯ ಬರಬಹುದೆಂದು ನಮ್ಮ ಊಹೆ. ವಾಸ್ತವವಾಗಿ ೩೦ ಮಾತ್ರ! ಗಡುವು ತಪ್ಪಿದ ಚಿತ್ರವು ಮುಂದಿನ ಸರದಿಯವರೆಗೆ ಕಾಯಲೇಬೇಕು. ಆ ತನಕ ಬರೆಯಲು ಬೇರೆ ಹಲಗೆಯೂ ಇಲ್ಲ. ಒಂದು ಬಸ್ಸು ತಪ್ಪಿದವನು ಇನ್ನೊಂದು ಬಸ್ಸಿನವರೆಗೆ ನಿಲ್ಲುವಂತೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗ್ರಾಫಿಕ್ಸ್ ಪ್ರೊಸೆಸರ್ ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗಡುವು ತಪ್ಪಿ ಸುಮ್ಮನೆ ಕಾಯುತ್ತಿರುವಾಗ, ತನಗೆ ಕೆಲಸ ಕಡಮೆಯೆಂದು ಬಗೆದು ಅದು ನಿಧಾನವಾಗಿಯೇ ಉಳಿಯುತ್ತದೆ; ನಿಧಾನವಾದುದರಿಂದ ಮತ್ತೆ ಗಡುವು ತಪ್ಪುತ್ತದೆ. ಶಕ್ತಿಯಿದ್ದೂ ಕುಂಟುವ ಯಂತ್ರವಿದು! ಇದಕ್ಕಾಗಿ ಮೂರನೆಯ ಹಲಗೆಯೊಂದನ್ನು, ಅಗತ್ಯ ಬಿದ್ದಾಗ ಮಾತ್ರ, ಬಳಸುವ ವಿಧಾನವನ್ನು ಗ್ನೋಮ್ ಡೆಸ್ಕ್‌ಟಾಪಿಗಾಗಿ ಸಿದ್ಧಪಡಿಸಲಾಯಿತು. ಅದು ವರ್ಷಗಟ್ಟಲೆ ಪರೀಕ್ಷೆಗೊಳಗಾಗಿ, ೨೦೨೫ರ ಮಾರ್ಚಿನಲ್ಲಿ ಬಂದ ೪೮ನೆಯ ಆವೃತ್ತಿಯಲ್ಲಿ ಸೇರಿತು. ಇದರಿಂದ ಓಟ ಸರಾಗವಾಗುತ್ತದೆ. ಆದರೆ ಮೂರನೆಯ ಹಲಗೆ ಬಳಕೆಯಲ್ಲಿರುವಾಗ ಮೌಸ್ ಒತ್ತಿದ ಕ್ಷಣಕ್ಕೂ ಫಲ ಕಾಣುವ ಕ್ಷಣಕ್ಕೂ ನಡುವಣ ಅಂತರ ತುಸು ಹೆಚ್ಚುತ್ತದೆ.

ಈ ಅಂತರವನ್ನು ಸಹಿಸದವರೂ ಇದ್ದಾರೆ. ವೇಗದ ಆಟಗಳನ್ನು ಆಡುವವರಿಗೆ ಅಖಂಡವಾದ ಚಿತ್ರಕ್ಕಿಂತ ತತ್‌ಕ್ಷಣದ ಚಿತ್ರ ಮುಖ್ಯ. ಹರಿದರೂ ಚಿಂತೆಯಿಲ್ಲ, ತಡವಾಗಬಾರದು ಎಂದು ಅವರ ಬೇಡಿಕೆ. ಹರಿಯುವುದನ್ನು ತಡೆಯಲೆಂದೇ ಹುಟ್ಟಿದ ವೇಲ್ಯಾಂಡಿಗೆ, ೨೦೨೨ರಲ್ಲಿ, ಬೇಕೆಂದವರಿಗೆ ಹರಿಯಗೊಡುವ ಅನುಬಂಧವೊಂದನ್ನು ಸೇರಿಸಬೇಕಾಯಿತು! ಇನ್ನೊಂದು ಬೆಲೆಯೂ ಉಂಟು. ಎಕ್ಸ್ ವ್ಯವಸ್ಥೆಯಲ್ಲಿ ಒಂದು ಕಾರ್ಯಕ್ರಮವು ಇನ್ನೊಂದರ ಕಿಟಕಿಯನ್ನು ನೋಡಬಹುದಾಗಿತ್ತು, ಅಲ್ಲಿ ಒತ್ತಿದ ಕೀಲಿಗಳನ್ನೂ ತಿಳಿಯಬಹುದಾಗಿತ್ತು. ಕಳ್ಳನಿಗೂ ಇದು ತೆರೆದ ಬಾಗಿಲು. ತೆರೆಯ ಬರಹವನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಇದೇ ಬಾಗಿಲು. ವೇಲ್ಯಾಂಡ್ ಅದನ್ನು ಮುಚ್ಚಿತು. ಉಪಕಾರಿಗಳಿಗೆ ಬೇರೆ ಬಾಗಿಲುಗಳನ್ನು ಒಂದೊಂದಾಗಿ ಕಟ್ಟಿಕೊಡಬೇಕಾಯಿತು. ಅಲ್ಲಿಯವರೆಗೆ ಕಾದವರಲ್ಲಿ ಕಣ್ಣಿಲ್ಲದವರೂ ಇದ್ದರೆಂಬುದನ್ನು ಮರೆಯಬಾರದು.

ಕೊನೆಯದಾಗಿ ಒಂದು ಪ್ರಯೋಗ. ನಿಮ್ಮ ಕಂಪ್ಯೂಟರಿನ ಒಂದು ಕಿಟಕಿಯನ್ನು ಮೌಸಿನಿಂದ ಹಿಡಿದು ಎಡಕ್ಕೂ ಬಲಕ್ಕೂ ವೇಗವಾಗಿ ಎಳೆಯಿರಿ. ಅದರ ನೆಟ್ಟನೆಯ ಅಂಚನ್ನು ಗಮನಿಸಿರಿ. ಕಿಟಕಿಯು ಸೆಕೆಂಡಿಗೆ ೧೨೦೦ ಬಿಂದುಗಳಷ್ಟು ಸರಿಯುತ್ತಿದ್ದರೆ, ತೆರೆಯ ಒಂದು ಓದಿನ ಅವಧಿಯಲ್ಲಿ ಅದು ೨೦ ಬಿಂದು ಸಾಗುತ್ತದೆ. ಹೊಂದಿಕೆ ತಪ್ಪಿದ್ದರೆ ಅಂಚು ನಡುವೆ ಮುರಿದು, ಸುಮಾರು ಅಷ್ಟೇ ಅಗಲದ ಮೆಟ್ಟಿಲೊಂದು ಕಾಣುವುದು. ಆಗ ದೋಷವು ಹೊಂದಿಕೆಯದು. ಪ್ರವೇಶಿಸುವಾಗ ವೇಲ್ಯಾಂಡನ್ನು ಆರಿಸಿ ಮತ್ತೊಮ್ಮೆ ನೋಡಿರಿ. ಅಂಚು ಮುರಿಯದೆ ಕಿಟಕಿಯು ಕುಪ್ಪಳಿಸಿ ಕುಪ್ಪಳಿಸಿ ಸಾಗಿದರೆ, ಅಲ್ಲಿ ಗಡುವು ತಪ್ಪುತ್ತಿದೆ. ಯಂತ್ರದ ಮೇಲಿನ ಭಾರವನ್ನು ಇಳಿಸಬೇಕು. ರೋಗ ಯಾವುದೆಂದು ತಿಳಿಯುವ ಮುನ್ನವೇ ಹಳೆಯ ಯಂತ್ರವನ್ನು ಹೊರಗೆ ಹಾಕುವುದು ವಿಜ್ಞಾನದ ವಿದ್ಯಾರ್ಥಿಗೆ ಸಲ್ಲದು.