ಓಟದ ಬೂಟು ಎಷ್ಟು ಹಗುರವಿರಬೇಕು?

ಮಳೆ ಬಿದ್ದ ಮೇಲೆ ಮುಧೋಳ, ಬೀಳಗಿ ಕಡೆಯ ಎರೆಹೊಲದಲ್ಲಿ ನಡೆದಿದ್ದೀರಾ? ಪಾದಕ್ಕೆ ಮಣ್ಣು ಮೆತ್ತಿ ನಾಲ್ಕು ಹೆಜ್ಜೆಗೇ ಕಾಲು ಸೋಲುತ್ತದೆ. ಭಾರವಾದ ಬೂಟು ಮಾಡುವುದೂ ಅದನ್ನೇ, ನಿಧಾನವಾಗಿ.

ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಗೆ ಸೈಕಲ್ ಸ್ಪರ್ಧೆ ಹೊಸದಲ್ಲ. ಇಲ್ಲಿನ ಸೈಕಲ್ ಪಟು ಪೂರ್ಣ ದೂರದ ಟ್ರಯಥ್ಲಾನ್‌ಗೆ ಇಳಿದರೆ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ದಣಿದ ಕಾಲಲ್ಲೇ 42.2 ಕಿ.ಮೀ. ಓಡಬೇಕು. ಹೆಜ್ಜೆಗೆ ಒಂದು ಮೀಟರ್ ಎಂದು ಹಿಡಿದರೂ ಒಂದೊಂದು ಕಾಲನ್ನು 21 ಸಾವಿರ ಸಲ ಎತ್ತಬೇಕಾಯಿತು! ಬೂಟಿರುವುದು ಕಾಲಿನ ತುದಿಯಲ್ಲಿ. ಸೊಂಟದಿಂದ ದೂರವಿರುವ ಭಾರವನ್ನು ಬೀಸಲು ಹೆಚ್ಚು ಶಕ್ತಿ ಬೇಕು. ಪ್ರತಿ ಬೂಟಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾಗುವ ಆಕ್ಸಿಜನ್ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ.

ಹಾಗಾದರೆ ಬರಿಗಾಲೇ ಮೇಲಲ್ಲವೆ? ಅಲ್ಲ. ಮೆತ್ತೆಯಿಲ್ಲದಿದ್ದರೆ ನೆಲದ ಪೆಟ್ಟು ತಾಳುವ ಕೆಲಸ ಸ್ನಾಯುಗಳ ಪಾಲಿಗೆ ಬರುತ್ತದೆ. ತೂಕದಲ್ಲಿ ಉಳಿಸಿದ ಶಕ್ತಿ ಅಲ್ಲಿ ಖರ್ಚಾಗುತ್ತದೆ. ತೀರಾ ತೆಳು ಅಟ್ಟೆಯ ಬೂಟು ಐದು ಕಿಲೋಮೀಟರ್ ಓಟಕ್ಕೆ ಸರಿ. ಮ್ಯಾರಥಾನ್ ದೂರಕ್ಕೆ ಹಗುರವಾದ, ಆದರೆ ಸಾಕಷ್ಟು ಮೆತ್ತೆಯುಳ್ಳ ಬೂಟೇ ಲೇಸು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಬಿಸಿಲಲ್ಲಿ ಓಡುವವರು ತಲೆಗೆ ನೀರು ಸುರಿದುಕೊಳ್ಳುತ್ತಾರೆ, ಅದು ಬೂಟಿಗೂ ಇಳಿಯುತ್ತದೆ. ನಿಮ್ಮ ಹಳೆಯ ಬೂಟನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ನೆನೆಸಿ, ಸ್ವಲ್ಪ ಓಡಾಡಿ ಮತ್ತೆ ತೂಗಿ ನೋಡಿ. ನೀರು ಬೇಗ ಬಸಿಯುವ ಜಾಳು ಬಟ್ಟೆಯ ಬೂಟು ಏಕೆ ಬೇಕೆಂದು ತಿಳಿಯುತ್ತದೆ.

ಪಾದ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ ಕೊಳ್ಳಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಸ್ಪರ್ಧೆಗೆ ಮೊದಲು, ದೂರದ ಸೈಕಲ್ ಸವಾರಿ ಮುಗಿಸಿದೊಡನೆ ಅದನ್ನೇ ತೊಟ್ಟು ಓಡಿ ನೋಡಿ.