ಜಲಪಾತ ನೋಡಲು ಹೊರಡುವ ಮುನ್ನ

ಶನಿವಾರ, ಭಾನುವಾರ ಎರಡು ದಿನ ರಜೆ. ಕೈಯಲ್ಲಿ ಅಷ್ಟಿಷ್ಟು ಹಣ, ಜೊತೆಗೆ ನಾಲ್ಕೈದು ಮಂದಿ ಗೆಳೆಯರು. ಎಲ್ಲಿಗಾದರೂ ಹೋಗೋಣ ಎಂಬ ಮಾತು ಶುರುವಾದರೆ ಯಾರಾದರೊಬ್ಬರ ಬಾಯಿಂದ ಕೊಡಗಿನ ಹೆಸರು ಬಂದೇ ಬರುತ್ತದೆ. ಕೂಡಲೇ ಪಟ್ಟಿಯೂ ಸಿದ್ಧ: ಅಬ್ಬಿ, ಮಲ್ಲಳ್ಳಿ, ಚೇಲಾವರ, ಇರ್ಪು, ತಲಕಾವೇರಿ, ದುಬಾರೆ. ಈಗ ಜಿಲ್ಲೆಯ ಭೂಪಟ ತೆಗೆದು ನೋಡಿ. ಮಲ್ಲಳ್ಳಿ ಇರುವುದು ಉತ್ತರದ ತುದಿಯಲ್ಲಿ, ಸೋಮವಾರಪೇಟೆಯಿಂದಲೂ ಆಚೆ. ಇರ್ಪು ಇರುವುದು ದಕ್ಷಿಣದ ತುದಿಯಲ್ಲಿ, ಕೇರಳದ ಗಡಿಯ ಹತ್ತಿರ. ಎರಡೇ ದಿನದಲ್ಲಿ ಇವೆಲ್ಲವನ್ನೂ ನೋಡಲು ಹೊರಟವರು ನಿಜವಾಗಿ ನೋಡುವುದು ರಸ್ತೆಯ ತಿರುವುಗಳನ್ನು ಮಾತ್ರ.

ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಹೊಳೆಯನ್ನೂ ಅದರ ಹತ್ತಿರದ ಒಂದು ಊರನ್ನೂ ಆರಿಸಿಕೊಳ್ಳಿ. ಹೊಳೆ ಹುಟ್ಟುವ ಬೆಟ್ಟ, ಅದು ಧುಮುಕುವ ಜಾಗ, ಅದರ ಬಯಲಿನ ಗದ್ದೆ, ಗದ್ದೆಯ ಪಕ್ಕದ ಮನೆ ಇಷ್ಟನ್ನು ನೋಡಲು ಎರಡು ದಿನ ಸರಿಯಾಗಿ ಸಾಕು. ಇಂಥ ಪ್ರವಾಸವನ್ನು ಹೇಗೆ ಯೋಜಿಸಬಹುದು ಎಂಬುದನ್ನು ದಕ್ಷಿಣ ಕೊಡಗಿನ ಹುದಿಕೇರಿಯನ್ನು ಉದಾಹರಣೆಯಾಗಿಟ್ಟುಕೊಂಡು ತಿಳಿಯೋಣ.

ಹುದಿಕೇರಿ ಒಂದು ಹೋಬಳಿ ಕೇಂದ್ರ. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಗೋಣಿಕೊಪ್ಪಕ್ಕೆ ಬಂದು, ಅಲ್ಲಿಂದ ಪೊನ್ನಂಪೇಟೆಯ ಮೇಲೆ ಶ್ರೀಮಂಗಲ, ಕುಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ಸುತ್ತ ಕಾಫಿ ತೋಟ, ತಗ್ಗಿನಲ್ಲೆಲ್ಲ ಭತ್ತದ ಗದ್ದೆ, ನಡುನಡುವೆ ದೇವರಕಾಡು. ದಕ್ಷಿಣಕ್ಕೆ ನೋಡಿದರೆ ಬ್ರಹ್ಮಗಿರಿ ಬೆಟ್ಟಸಾಲು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕೊಡಗಿನಲ್ಲಿ ಬ್ರಹ್ಮಗಿರಿ ಎಂಬ ಹೆಸರು ಎರಡು ಕಡೆ ಇದೆ. ತಲಕಾವೇರಿಯ ಬ್ರಹ್ಮಗಿರಿ ಬೇರೆ, ವಯನಾಡಿನ ಗಡಿಯಲ್ಲಿರುವ ಈ ಬ್ರಹ್ಮಗಿರಿ ಬೇರೆ. ಹೆಸರು ನಂಬಿ ವಾಹನ ಗೊತ್ತುಮಾಡಿಕೊಂಡರೆ ಜಿಲ್ಲೆಯ ಇನ್ನೊಂದು ಭಾಗದಲ್ಲಿ ಇಳಿಯಬೇಕಾದೀತು!

ಈ ಪ್ರದೇಶದ ವಿಶೇಷವೆಂದರೆ ನೀರು ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ಇರ್ಪುವಿನಲ್ಲಿ ಧುಮುಕಿ, ಬಾಳೆಲೆ, ಹುಣಸೂರುಗಳ ಮೇಲೆ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರ ಗುರಿ ಬಂಗಾಳ ಕೊಲ್ಲಿ. ಬಿರುನಾಣಿಯ ಕಡೆಯ ಬೆಟ್ಟಗಳ ನೀರನ್ನು ಹೊತ್ತ ಬರಪೊಳೆ ಪಶ್ಚಿಮಕ್ಕೆ ಇಳಿದು, ಕೇರಳದಲ್ಲಿ ವಳಪಟ್ಟಣಂ ನದಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಒಂದೇ ಮೋಡದ ಮಳೆ, ಬಿದ್ದ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಸಮುದ್ರದ ಪಾಲು. ಭೂಗೋಳದ ಪಾಠದಲ್ಲಿ ‘ಜಲವಿಭಾಜಕ’ ಎಂಬ ಪದವನ್ನು ಬಾಯಿಪಾಠ ಮಾಡಿರುತ್ತೀರಿ. ಅದನ್ನು ಕಾಲ್ನಡಿಗೆಯಲ್ಲಿ ಕಾಣಬಹುದಾದ ಜಾಗ ಇದು.

ಯಾವಾಗ ಹೋಗಬೇಕು? ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ನಿರ್ಧಾರವಾಗಬೇಕಾದದ್ದು ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರ್ಪುವಿನಲ್ಲಿ ನೀರಿನ ಅಬ್ಬರ ಹೆಚ್ಚು. ಚಿತ್ರಗಳಲ್ಲಿ ನೋಡಿ ನೀವು ಮರುಳಾಗುವುದೂ ಆ ನೋಟಕ್ಕೇ. ಆದರೆ ಬಂಡೆ ಪಾಚಿಗಟ್ಟಿರುತ್ತದೆ, ಜಿಗಣೆಗಳ ಕಾಟ ಇರುತ್ತದೆ, ಮಳೆ ಜೋರಾದರೆ ಒಳಗೆ ಬಿಡುವುದೂ ಇಲ್ಲ. ಮಾರ್ಚ್ ಕಳೆದ ಮೇಲೆ ನೀರು ಸಣ್ಣಗಾಗುತ್ತದೆ. ಕಾಡ್ಗಿಚ್ಚಿನ ಭಯದಿಂದ ಬೆಟ್ಟದ ಚಾರಣವನ್ನು ನಿಲ್ಲಿಸುವ ಕಾಲವೂ ಅದೇ. ನನ್ನನ್ನು ಕೇಳಿದರೆ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗಿನ ದಿನಗಳು ಉತ್ತಮ. ಮುಂಗಾರು ಹಿಂದೆ ಸರಿದಿರುತ್ತದೆ, ಹೊಳೆಯಲ್ಲಿ ನೀರು ಇನ್ನೂ ತುಂಬಿರುತ್ತದೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಆದ್ದರಿಂದ ಜಲಪಾತಕ್ಕೆ ಬೆಳಗಿನ ಹೊತ್ತನ್ನೇ ಇಟ್ಟುಕೊಳ್ಳಿ.

ಮಳೆ ನಿಂತು ವಾರಗಳಾದ ಮೇಲೂ ಜಲಪಾತ ಬತ್ತದೆ ಇರುವುದು ಹೇಗೆ? ಉತ್ತರ ಬೆಟ್ಟದ ಮೇಲಿದೆ. ಬ್ರಹ್ಮಗಿರಿಯ ನೆತ್ತಿಯ ಮೇಲೆ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಕಾಡು. ಆ ಕಾಡಿನ ನೆಲದಲ್ಲಿ ವರ್ಷಗಟ್ಟಲೆ ಬಿದ್ದು ಕೊಳೆತ ಎಲೆಯ ಪದರವಿದೆ. ಅದು ಮಳೆನೀರನ್ನು ಹೀರಿಕೊಂಡು ಸ್ವಲ್ಪಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಸುಮಾರು 181 ಚದರ ಕಿ.ಮೀ. ವಿಸ್ತಾರದ ಈ ಕಾಡು 1974ರಲ್ಲಿ ಬ್ರಹ್ಮಗಿರಿ ವನ್ಯಜೀವಿಧಾಮವಾಯಿತು. ಸುಮಾರು 170 ಅಡಿ ಎತ್ತರದಿಂದ ಹಂತಹಂತವಾಗಿ ಇಳಿಯುವ ನೀರನ್ನು ನೋಡುವಾಗ ಕಣ್ಣಿಗೆ ಕಾಣದ ಆ ಎಲೆಯ ಪದರವನ್ನೂ ನೆನೆಯಿರಿ.

ಇನ್ನು ಅಪಾಯದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ಎಕರೆ ನೆಲದ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರಾಗುತ್ತದೆ, ಲೆಕ್ಕ ಹಾಕಿ ನೋಡಿದ್ದೀರಾ? ಒಂದು ಲಕ್ಷ ಲೀಟರಿಗಿಂತಲೂ ಸ್ವಲ್ಪ ಹೆಚ್ಚು. ನೂರು ಎಕರೆಯ ಇಳಿಜಾರಿನಲ್ಲಿ ಅಷ್ಟೇ ಮಳೆಯಾದರೆ ಒಂದು ಕೋಟಿ ಲೀಟರ್. ನೆಲ ಆಗಲೇ ನೆನೆದು ತುಂಬಿದ್ದರೆ ಇದರಲ್ಲಿ ಬಹುಪಾಲು ಒಂದೇ ತೊರೆಗೆ ನುಗ್ಗುತ್ತದೆ. ಮಳೆ ಸುರಿಯುವುದು ಮೇಲೆ, ಬೆಟ್ಟದ ಹಿಂದೆ. ಕೆಳಗೆ ನೀವು ನಿಂತಲ್ಲಿ ಬಿಸಿಲಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ, ಕಡ್ಡಿಗಳು ತೇಲಿಬರತೊಡಗಿದರೆ, ನೀರಿನ ಸದ್ದು ದಪ್ಪವಾದರೆ ಆ ಕ್ಷಣವೇ ಎದ್ದು ದಡದ ಎತ್ತರಕ್ಕೆ ಹೋಗಿ. ಚಪ್ಪಲಿ, ಚೀಲ ಏನನ್ನೂ ಹುಡುಕುತ್ತ ನಿಲ್ಲಬೇಡಿ. ಈಜು ಬರುತ್ತದೆ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಂಡೆಗಳ ನಡುವೆ ಸುತ್ತುವ ನೀರು ಕೆರೆಯ ನೀರಿನಂತಲ್ಲ. ಫೋಟೋಕ್ಕಾಗಿ ಜಾರುವ ಬಂಡೆಯ ಅಂಚಿಗೆ ಹೋಗುವ ಗೆಳೆಯನನ್ನು ಕೈಹಿಡಿದು ನಿಲ್ಲಿಸಿ. ಅವನು ಮುನಿಸಿಕೊಂಡರೂ ಚಿಂತೆಯಿಲ್ಲ.

ಮಳೆಗಾಲದಲ್ಲಿ ದಾರಿಯನ್ನೂ ವಿಚಾರಿಸಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಗಳಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಬಳಿಯ ತೋರ ಗ್ರಾಮದಲ್ಲಿ ಮಣ್ಣು ಕುಸಿದು ಜನ ಪ್ರಾಣ ಕಳೆದುಕೊಂಡರು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ವಾರ ಪ್ರವಾಸವನ್ನು ಮುಂದೂಡುವುದೇ ಸರಿ. ಮುಂಗಡ ಕೊಟ್ಟ ಹಣ ಹೋಗುತ್ತದೆಂದು ಹೊರಡುವುದು ಬೇಡ. ಹೊರಡುವ ಹಿಂದಿನ ದಿನ ನೀವು ಉಳಿಯಲಿರುವ ಮನೆಯವರಿಗೆ ಫೋನ್ ಮಾಡಿ, “ಹೊಳೆ ಹೇಗಿದೆ?” ಎಂದು ಕೇಳಿ. ಅವರಿಗಿಂತ ಚೆನ್ನಾಗಿ ಹೇಳುವವರು ಬೇರಾರೂ ಇಲ್ಲ.

ಅನುಮತಿಯ ವಿಷಯ ಚಿಕ್ಕದು. ಇರ್ಪು ಜಲಪಾತಕ್ಕೆ ಹಗಲಿನಲ್ಲಿ ಮಾತ್ರ ಪ್ರವೇಶ, ಟಿಕೆಟ್ ಪಡೆದು ಹೋಗಬೇಕು. ಕೆಳಗೆ ರಾಮೇಶ್ವರ ದೇವಸ್ಥಾನವಿದೆ. ಬಾಯಾರಿದ ಅಣ್ಣನಿಗಾಗಿ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತರಿಸಿದನೆಂಬುದು ಸ್ಥಳಪುರಾಣ. ಶಿವರಾತ್ರಿಯಂದು ಭಾರಿ ಜನ ಸೇರುತ್ತಾರೆ. ಜಲಪಾತ ದಾಟಿ 1,608 ಮೀಟರ್ ಎತ್ತರದ ಬ್ರಹ್ಮಗಿರಿ ಶಿಖರಕ್ಕೆ ಏರಬೇಕೆಂದರೆ ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆದು, ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಅದಕ್ಕೆ ಒಂದು ಪೂರ್ತಿ ದಿನ ಬೇಕಾದ್ದರಿಂದ ಮೊದಲ ಸಲದ ಪ್ರವಾಸದಲ್ಲಿ ಸೇರಿಸದಿರುವುದು ಒಳ್ಳೆಯದು.

ಮೊಬೈಲಿನ ಭೂಪಟವನ್ನೇ ಪೂರ್ತಿ ನಂಬಬೇಡಿ. ಈ ಭಾಗದಲ್ಲಿ ಸಿಗ್ನಲ್ ಸಿಗದ ಜಾಗಗಳು ಬೇಕಾದಷ್ಟಿವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಭೂಪಟ ನಿಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿರಬಹುದು, ಕೇಳಿ ನೋಡಿ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಸಮೋನ್ನತಿ ರೇಖೆಗಳು ಒತ್ತೊತ್ತಾಗಿ ಬಂದು, ಅವನ್ನು ನೀಲಿಗೆರೆಯೊಂದು ದಾಟಿದಲ್ಲಿ ಬೆರಳಿಡಿ. ಹೊಳೆ ಕಡಿದಾಗಿ ಇಳಿಯುವ ಜಾಗ ಅದು.

ಈಗ ಊರಿನ ಮಾತಿಗೆ ಬರೋಣ. ಹುದಿಕೇರಿಯ ಸುತ್ತಮುತ್ತ ಹೋಮ್‌ಸ್ಟೇಗಳು ಸಿಗುತ್ತವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ, ಊಟ ಸೇರಿ ಒಬ್ಬರಿಗೆ ಎಷ್ಟು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮಾಂಸಾಹಾರ ಬೇಡವೆನ್ನುವವರು ಮುಂಚಿತವಾಗಿ ತಿಳಿಸಿದರೆ ಮನೆಯವರಿಗೆ ಅನುಕೂಲ. ಅಕ್ಕಿ ರೊಟ್ಟಿ, ನೂಪುಟ್ಟು, ಕಡುಂಬುಟ್ಟು ಎಲ್ಲರಿಗೂ ಆಗುವಂಥವು. ಆ ಅಕ್ಕಿ ಯಾವ ಗದ್ದೆಯದು ಎಂದು ಕೇಳಿ ನೋಡಿ, ಮಾತು ತಾನಾಗಿ ಮುಂದುವರಿಯುತ್ತದೆ.

ಊರಿಗೂ ಒಂದು ಪಂಚಾಂಗವಿದೆ. ಜುಲೈ, ಆಗಸ್ಟ್‌ನಲ್ಲಿ ನಾಟಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಹೊಸ ಭತ್ತದ ಕದಿರು ತರುವ ಪುತ್ತರಿ, ಊರ ಮಂದ್‌ನಲ್ಲಿ ಕೋಲಾಟ. ಆಮೇಲೆ ಕಾಫಿ ಕೊಯ್ಲು. ಕೊಯ್ಲಿನ ದಿನಗಳಲ್ಲಿ ಮನೆಮಂದಿಗೆ ಮಾತಾಡಲೂ ಬಿಡುವಿರುವುದಿಲ್ಲ. ಕಣದಲ್ಲಿ ಒಣಹಾಕಿದ ಕಾಫಿಯನ್ನು ತುಳಿದುಕೊಂಡು ಹೋಗಬೇಡಿ, ಅದು ಅವರ ವರ್ಷದ ದುಡಿಮೆ. ಐನ್‌ಮನೆ ಎಂದರೆ ಒಕ್ಕದವರೆಲ್ಲರಿಗೂ ಸೇರಿದ ಮೂಲಮನೆ. ಅದು ವಸ್ತುಸಂಗ್ರಹಾಲಯವಲ್ಲ, ಕೇಳಿಯೇ ಒಳಗೆ ಕಾಲಿಡಿ. ತೋಟದ ಲೈನ್‌ಮನೆಗಳಲ್ಲಿ ವಾಸಿಸುವ ಎರವ, ಜೇನುಕುರುಬ ಮೊದಲಾದ ಸಮುದಾಯಗಳ ಕುಟುಂಬಗಳ ಫೋಟೋ ತೆಗೆಯುವ ಮುನ್ನವೂ ಹೀಗೆಯೇ ಕೇಳಬೇಕು. ದೇವರಕಾಡಿನ ಹತ್ತಿರ ಹೋದರೆ ಊರಿನವರು ಹೇಗೆ ನಡೆಯುತ್ತಾರೋ ಹಾಗೆ ನಡೆಯಿರಿ. ಅಲ್ಲಿ ಕೊಂಬೆ ಮುರಿಯುವಂತಿಲ್ಲ.

ಒಂದನ್ನು ಮಾತ್ರ ತಪ್ಪದೆ ಕೇಳಿ. ಕೊಡಗಿನ ಹಲವು ಬೆಳೆಗಾರರ ಅಂಗಳದಲ್ಲಿ ಮಳೆಮಾಪಕವಿರುತ್ತದೆ. ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬರಹವೂ ಉಂಟು. ಆ ಪುಸ್ತಕ ನೋಡಲು ಸಿಕ್ಕಿದರೆ ನಿಮ್ಮ ಅದೃಷ್ಟ. ಪಶ್ಚಿಮದ ಬಿರುನಾಣಿಯಲ್ಲಿ ಮಳೆ ಹೆಚ್ಚು, ಪೂರ್ವದ ಗೋಣಿಕೊಪ್ಪದ ಕಡೆಗೆ ಬಂದಂತೆ ಕಡಿಮೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಯಾವ ದಿನ ಬಂತು ಎಂಬ ಸಾಲಿನ ಮೇಲೆ ಆ ವರ್ಷದ ಕಾಫಿ ಫಸಲು ನಿಂತಿರುತ್ತದೆ.

ಬರೆದಿಡುವ ಮಾತು ಬಂದದ್ದರಿಂದ ದೂರದ ಒಂದು ಸಂಗತಿ ಹೇಳುತ್ತೇನೆ. ದಕ್ಷಿಣ ಚೀನಾದ ಗುಯಿಝೌ ಪ್ರಾಂತ್ಯವೂ ಬೆಟ್ಟ, ಮಳೆ, ಭತ್ತದ ಗದ್ದೆಗಳ ನಾಡು. ಅಲ್ಲಿನ ಹುವಾಂಗ್‌ಗುವೋಶು ಜಲಪಾತ 77.8 ಮೀಟರ್ ಎತ್ತರದ್ದು. ಶು ಶಿಯಾಕೆ ಎಂಬ ಸಂಚಾರಿ 1638ರಲ್ಲಿ ಅದನ್ನು ಕಂಡು ತನ್ನ ದಿನಚರಿಯಲ್ಲಿ ವರ್ಣಿಸಿದ. ಆ ದಿನಚರಿ ಆರಂಭವಾದದ್ದು 1613ರ ಮೇ 19ರಂದು. ಚೀನಾದಲ್ಲಿ 2011ರಿಂದ ಆ ದಿನವನ್ನೇ ಪ್ರವಾಸೋದ್ಯಮ ದಿನವಾಗಿ ಆಚರಿಸುತ್ತಾರೆ. ನೂರು ಫೋಟೋಗಳ ಜೊತೆಗೆ ನೀವೂ ಒಂದು ಪುಟ ಬರೆದುಕೊಂಡು ಬನ್ನಿ: ನೀರಿನ ಬಣ್ಣ, ದಾರಿಯ ಮರ, ಕೇಳಿದ ಮಾತು.

ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಅಡ್ಡಾಡುವುದು ಬೇಡ. ನಾಗರಹೊಳೆ ಹತ್ತಿರವೇ ಇದೆ, ಕಾಡಾನೆಗಳು ತೋಟಕ್ಕೆ ಬರುವುದು ಇಲ್ಲಿ ನಿತ್ಯದ ಮಾತು. 2023ರ ಫೆಬ್ರವರಿಯಲ್ಲಿ ಕುಟ್ಟದ ಬಳಿ ಹುಲಿ ದಾಳಿಗೆ ಒಂದೇ ಕುಟುಂಬದ ಇಬ್ಬರು ಬಲಿಯಾದರು. ಊರಿನವರು ಆರು ಗಂಟೆಗೇ ಮನೆ ಸೇರಿ ಎಂದರೆ ಅದು ಹೆದರಿಕೆಯ ಮಾತೆಂದು ನಗಬೇಡಿ.

ಹೀಗಾಗಿ ಎರಡು ದಿನದ ಲೆಕ್ಕ ಸರಳ. ಶನಿವಾರ ಬೆಳಗಿನ ಬಸ್ಸಿಗೆ ಮೈಸೂರು ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಹುದಿಕೇರಿ. ಸಂಜೆಯವರೆಗೆ ಊರು, ಗದ್ದೆಯ ಬದು, ತೋಟ. ರಾತ್ರಿ ಮಳೆಯ ಪುಸ್ತಕ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇರ್ಪು ಸೇರಿ, ಜನ ಮುತ್ತುವ ಮೊದಲು ಒಂದೆರಡು ಗಂಟೆ ಕಳೆದು ಹಿಂತಿರುಗಿ. ಸಂಜೆ ಬಸ್ಸು ಹುಣಸೂರಿಗೆ ಬಂದಾಗ ಸೇತುವೆಯ ಕೆಳಗೆ ನೋಡಿ. ಅಲ್ಲಿ ಹರಿಯುವುದೂ ಲಕ್ಷ್ಮಣತೀರ್ಥವೇ. ಬೆಳಿಗ್ಗೆ ನಿಮ್ಮ ಮುಖಕ್ಕೆ ಸಿಡಿದ ನೀರು ಇನ್ನೂ ಹಿಂದೆ, ಬಾಳೆಲೆಯ ಕಡೆ ಎಲ್ಲೋ ದಾರಿಯಲ್ಲಿರುತ್ತದೆ.